ಅಂಟಿಸಿದ ಪುಟ

ಜೂನ್ 14, ಶನಿವಾರ. ಸಂಜೆ 6

“ನೆರೆದಿರುವ ಎಲ್ಲರಿಗೂ ಕೃತಜ್ಞತೆಗಳು. ಕೆಲಸಕಾರ್ಯ ಬಿಟ್ಟು, ಬಿಸಿಲನ್ನು ಲೆಕ್ಕಿಸದೆ ಬಂದಿದ್ದೀರಿ. ಆದರೆ ನಿಮ್ಮ ಅನುಕಂಪ ನನಗೆ ಬೇಡ. ದಯವಿಟ್ಟು ಅದನ್ನು ನಿಮ್ಮೊಂದಿಗೇ ಹಿಂದಕ್ಕೆ ಕೊಂಡೊಯ್ಯಿರಿ.”

ಶ್ರದ್ಧಾಂಜಲಿ ಸಭೆಯಲ್ಲಿ ಇಷ್ಟೇ ಹೇಳಿ ಕುಳಿತೆ. ಆಡಿದ ಮಾತನ್ನು ಅದೇ ದಿನ ಬರೆದಿಡುವುದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದ ಅಭ್ಯಾಸ. ಇಂದೂ ತಪ್ಪಿಸಲಿಲ್ಲ.

ವೇದಿಕೆಯ ಹಿಂದೆ ಫ್ಲೆಕ್ಸ್. ತೇಜಸ್ವಿನಿಯ ಫೋಟೊ, ಎದೆಯ ಮೇಲೆ ನಂಬರ್ 214. ಕೆಳಗೆ — ಏಷ್ಯಾ ಜೂನಿಯರ್ ಕ್ರಾಸ್ ಕಂಟ್ರಿ, ಕಂಚು. ಪಕ್ಕದಲ್ಲಿ ತಾಲ್ಲೂಕು ಕ್ರೀಡಾ ಸಂಘದ ಅಧ್ಯಕ್ಷ ದೊಡ್ಡರಂಗಪ್ಪನವರ ಫೋಟೊ. ಅದು ನನ್ನ ಮಗಳ ಫೋಟೊಗಿಂತ ದೊಡ್ಡದು.

ಅವಳ ಕೋಚ್, ಭಾರತ ತಂಡದ ಜೊತೆಗೂ ಕೋಚ್ ಆಗಿ ಹೋಗಿದ್ದ ಮುಜೀಬ್, ಶಿರಾದಿಂದ ಬಂದಿದ್ದ. ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ನಿಂತಿದ್ದ. ಯಾರೂ ಕುರ್ಚಿ ತೋರಿಸಲಿಲ್ಲ. ನಾನೂ ತೋರಿಸಲಿಲ್ಲ.

ಸಭೆ ಮುಗಿದ ಮೇಲೆ ದೊಡ್ಡರಂಗಪ್ಪ ನನ್ನ ಕೈ ಹಿಡಿದುಕೊಂಡರು. “ಮೇಷ್ಟ್ರೇ, ಆ ಕೋಚನ್ನ ಸುಮ್ಕೆ ಬುಟ್ರೆ ನಾಳೆ ಇನ್ನೊಂದು ಮಗು ಹೋಯ್ತದೆ. ಜ್ವರ ಇದ್ದ ಹುಡ್ಗೀನ ಓಡ್ಸವ್ನೆ. ನೀವೊಂದು ಕಂಪ್ಲೇಂಟ್ ಬರ್ಕೊಡಿ ಸಾಕು. ನಿಮ್ಮಂಗೆ ಬರೆಯೋರು ಈ ಮಧುಗಿರೀಲಿ ಇನ್ಯಾರವ್ರೆ?”

ಬರೆಯುತ್ತೇನೆ ಎಂದೆ.

ಈ ದಿನಚರಿಯಲ್ಲಿ ಮೇ 30ರ ಪುಟಕ್ಕೆ ಗೋಂದು ಹಚ್ಚಿ 31ಕ್ಕೆ ಅಂಟಿಸಿದ್ದೇನೆ. ಅದು ಹಾಗೆಯೇ ಇರಲಿ.

ಜೂನ್ 16, ಸೋಮವಾರ. ಬೆಳಿಗ್ಗೆ

ಶಾಲೆಗೆ ರಜೆ ಹಾಕಿದೆ. ದೂರು ಬರೆಯಲು ಕುಳಿತೆ. ಮೊದಲು ಸಂಗತಿಗಳು.

ಮೇ 31. ನೇಪಾಳದ ಬೆಟ್ಟದ ಮೈದಾನ. ಆರು ಕಿಲೋಮೀಟರು — ಹುಲ್ಲು, ಕೆಸರು, ಏರು. ಒಂದು ದೇಶಕ್ಕೆ ಆರು ಹುಡುಗಿಯರು ಓಡುತ್ತಾರೆ. ಮೊದಲು ಬಂದ ನಾಲ್ವರ ಸ್ಥಾನಗಳನ್ನು ಮಾತ್ರ ಕೂಡುತ್ತಾರೆ. ತೇಜು ನಮ್ಮವರಲ್ಲಿ ನಾಲ್ಕನೆಯವಳು. ಅವಳಿಲ್ಲದಿದ್ದರೆ ಕಂಚು ಇಲ್ಲ. ಗೆರೆ ದಾಟಿ ಹುಲ್ಲಿನ ಮೇಲೆ ಕುಳಿತಳಂತೆ. ನೀರು ಕೇಳಿದಳಂತೆ. ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಜ್ವರದ ಸೋಂಕು ಹೃದಯಕ್ಕೆ ಇಳಿದಿತ್ತು, ಮಲಗಿ ವಿಶ್ರಾಂತಿ ಪಡೆದಿದ್ದರೆ ಉಳಿಯುತ್ತಿದ್ದಳೇನೋ ಎಂದರು ವೈದ್ಯರು. ಹದಿನೇಳು ವರ್ಷ.

ಇನ್ನು ಆರೋಪಗಳು. ಒಂದು, ಜ್ವರವಿದ್ದದ್ದು ಕೋಚ್‌ಗೆ ತಿಳಿದಿತ್ತು. ಎರಡು, ಓಡಬೇಕಾದವರ ಪಟ್ಟಿ ಅವನ ಕೈಯಲ್ಲಿತ್ತು. ಮೂರು, ಬದಲಿ ಓಟಗಾರ್ತಿ ಸಿದ್ಧಳಿದ್ದಳು.

ಮೂರೂ ನಿಜ. ಮೂರಕ್ಕೂ ಉತ್ತರವಿಲ್ಲ. ಅವನ ನೌಕರಿ ಖಂಡಿತ ಹೋಗುತ್ತದೆ, ಜೈಲೂ ಆದೀತು.

ಹೆಂಡತಿ ಸರಸಮ್ಮ ಓದಿದಳು. ಮಡಿಸಿ ಮೇಜಿನ ಮೇಲಿಟ್ಟಳು.

ಜೂನ್ 17, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಕುಳಿತಾಗ ಎಲೆಯ ಪಕ್ಕ ಬೇರೆ ಲೋಟ. ನನ್ನ ಸ್ಟೀಲ್ ಲೋಟ ಎಲ್ಲಿ ಎಂದು ಕೇಳಿದೆ. ಎತ್ತಿಟ್ಟಿದ್ದೇನೆ ಎಂದಳು ಸರಸಮ್ಮ. ಏಕೆಂದು ಕೇಳಲಿಲ್ಲ.

ತೇಜುವಿಗೆ ಒಂಬತ್ತಾದಾಗ ನಾನೇ ಮಾಡಿದ ನಿಯಮ. ಈ ಮನೆಯಲ್ಲಿ ಏನು ಬೇಕಾದರೂ ವಾದಿಸಿ ಪಡೆಯಬೇಕು. ತಲಾ ಮೂರು ನಿಮಿಷ. ಸಮಯ ಮುಗಿದರೆ ಚಮಚದಿಂದ ಲೋಟಕ್ಕೆ ಒಂದು ಏಟು. ಸೋತವರು ಗೆದ್ದವರ ಮಾತು ಕೇಳಬೇಕು. ಮೊಬೈಲ್ ಬೇಕು ಎಂದಳು, ಸೋತಳು. ಕೂದಲು ಕತ್ತರಿಸಿಕೊಳ್ಳುತ್ತೇನೆ, ಓಡುವಾಗ ತೊಂದರೆ ಎಂದಳು, ಸೋತಳು. ಜಡೆ ಸುತ್ತಿಕೊಂಡೇ ರಾಜ್ಯಮಟ್ಟದಲ್ಲಿ ಮೊದಲು ಬಂದಳು.

ಒಮ್ಮೆಯೂ ಅವಳಿಗೆ ಸೋತುಕೊಡಲಿಲ್ಲ. ಸೋತುಕೊಡುವುದು ಮಕ್ಕಳಿಗೆ ಮಾಡುವ ಅವಮಾನ ಎಂದು ನಂಬಿದ್ದೆ.

ಜೂನ್ 21, ಶನಿವಾರ

ದೊಡ್ಡರಂಗಪ್ಪ ಬಂದಿದ್ದರು. 27ಕ್ಕೆ ತುಮಕೂರಿನಲ್ಲಿ ಕ್ರೀಡಾ ಇಲಾಖೆಯ ವಿಚಾರಣೆ, ದೂರನ್ನು ಅಲ್ಲಿಯೇ ಕೊಡಬೇಕು. ದೂರು ಓದಿ ತಲೆದೂಗಿದರು. ಒಂದೇ ಅನುಮಾನವಂತೆ — ತಂದೆಯ ಒಪ್ಪಿಗೆ ಪತ್ರವೇನಾದರೂ ಅವನ ಬಳಿ ಇದೆಯೇ? ಇದ್ದರೆ ಕೇಸು ನಿಲ್ಲದು.

ವಿಚಾರಿಸುತ್ತೇನೆ ಎಂದೆ. ನನ್ನ ಮುಖ ಬದಲಾಗಲಿಲ್ಲವೆಂದು ಭಾವಿಸುತ್ತೇನೆ. ವೇದಿಕೆಯ ಮೇಲೆ ಎದುರಾಳಿ ಬಲವಾದ ಅಂಶ ಎತ್ತಿದಾಗಲೂ ಬದಲಾಗುತ್ತಿರಲಿಲ್ಲ.

ಜೂನ್ 22, ಭಾನುವಾರ. ಶಿರಾ ಬಸ್‌ಸ್ಟ್ಯಾಂಡ್, ಮಧ್ಯಾಹ್ನ 3

ಬಸ್ಸಿಗೆ ಇನ್ನೂ ಅರ್ಧ ಗಂಟೆ. ಮರೆಯುವ ಮೊದಲು ಬರೆಯಬೇಕು. ಮರೆಯುವಂತಿದ್ದರೆ...

ಮುಜೀಬ್ ಮನೆಯಲ್ಲಿಯೇ ಇದ್ದ. ಸಸ್ಪೆಂಡ್ ಆಗಿದ್ದಾನೆ. ಅವನ ತಂದೆ ನಬೀ ಸಾಬ್ ಎದ್ದು ನನಗೆ ಕುರ್ಚಿ ಕೊಟ್ಟರು. ತಾವು ಚಾಪೆಯ ಮೇಲೆ ಕುಳಿತರು. ಚಹಾ ಬಂತು. ನಾನು ಆ ಮಾತು ಈ ಮಾತು ಆಡುತ್ತಿದ್ದೆ. ಮುಜೀಬನೇ ತಡೆದ.

“ನೀವು ಯಾಕ್ ಬಂದ್ರಿ ಅಂತ ಗೊತ್ತಾಯ್ತು ಸಾರ್. ಆ ಲೆಟರ್ ಇಲ್ಲ. ಅವತ್ತೇ ಡಿಲೀಟ್ ಮಾಡ್ದೆ. ಯಾರ್ಗೂ ಹೇಳಿಲ್ಲ, ಹೇಳೋದೂ ಇಲ್ಲ.”

ಏಕೆ ಎಂದು ಕೇಳಿದೆ. ಕೇಳಬಾರದಿತ್ತು.

“ಆಸ್ಪತ್ರೇಲಿ ಅವ್ಳೇ ಅಂದ್ಲು ಸಾರ್. ಉಸ್ರು ಸಿಗ್ತಿರ್ಲಿಲ್ಲ ಅವಳ್ಗೆ. ಅಪ್ಪನ ಲೆಟರ್ ಯಾರ್ಗೂ ತೋರಿಸ್ಬ್ಯಾಡಿ ಸಾರ್, ಅಪ್ಪಂಗೆ ಸೋತು ಅಭ್ಯಾಸ ಇಲ್ಲ, ಅಂದ್ಲು.”

ನಬೀ ಸಾಬ್ ಮುಖ ತಿರುಗಿಸಿಕೊಂಡರು.

ಮುಜೀಬ್ ಮುಂದುವರಿಸಿದ. 29ರಂದೇ ಪಟ್ಟಿಯಿಂದ ಅವಳ ಹೆಸರು ತೆಗೆದಿದ್ದನಂತೆ. 30ರ ರಾತ್ರಿ ನನ್ನ ಪತ್ರ ಬಂದ ಮೇಲೆ ಮತ್ತೆ ಸೇರಿಸಿದ. “ತಪ್ಪು ನಂದೂ ಐತೆ ಸಾರ್. ಇಲ್ಲ ಅನ್ಬೌದಾಗಿತ್ತು. ಆದ್ರೆ ನೀವ್ ಬರ್ದಿದ್ದು ಓದ್ತಾ ಓದ್ತಾ ನಂಗೇ ಅನ್ನಿಸ್ಬುಡ್ತು, ಇದೇ ಸರಿ ಅಂತ.”

ಚಹಾ ಆರಿಹೋಗಿತ್ತು. ಕುಡಿದು ಎದ್ದೆ.

ಜೂನ್ 23, ಸೋಮವಾರ

ಎದುರು ಪಕ್ಷದ ಬಳಿ ಸಾಕ್ಷ್ಯವಿಲ್ಲ. ಅವನು ಬಾಯಿ ಬಿಡುವುದಿಲ್ಲ. ವಾದ ನನ್ನದಾಯಿತು.

ಸರಸಮ್ಮನಿಗೆ ಹೇಳಿದೆ — ಅವನ ಬಳಿ ಯಾವ ಕಾಗದವೂ ಇಲ್ಲ ಎಂದು. ಅವಳು ರಾಗಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

“ಕಾಗ್ದ ಇಲ್ದಿದ್ರೇನು? ಅವತ್ತು ನೀವು ಫೋನ್‌ನಾಗೆ ಮಾತಾಡ್ವಾಗ ನಾನು ಇದೇ ಒಲೆ ಮುಂದ್ ಕುಂತಿದ್ದೆ. ಲೋಟ ಬಡ್ದಿದ್ದು ಕೇಳ್ತು ಕಣ್ರೀ. ಮಗು ಇನ್ನೂ ಮಾತಾಡ್ತಿತ್ತು.”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನೆದುರು ವಾದಿಸಿದ್ದಿಲ್ಲ. ಇಂದು ವಾದಿಸಿದಳೆಂದೂ ಹೇಳಲಾರೆ. ಮತ್ತೆ ಮೊರ ಎತ್ತಿಕೊಂಡಳು.

ಜೂನ್ 25, ಬುಧವಾರ. ಬೆಳಿಗ್ಗೆ 5.30

ಅವಳು ಓಟಕ್ಕೆ ಹೊರಡುತ್ತಿದ್ದ ಹೊತ್ತು. ಈಗಲೂ ಎಚ್ಚರವಾಗುತ್ತದೆ.

ಬ್ಲೇಡಿನಿಂದ ಮೇ 30ರ ಪುಟ ಬಿಡಿಸಿದೆ. ಅಂಚು ಹರಿಯಿತು. ಅಕ್ಷರಗಳು ಉಳಿದಿವೆ. ನನ್ನದೇ ಕೈಬರಹ, ದುಂಡಗೆ.

“ಸಂಜೆ 7.10. ತೇಜು ಫೋನ್, ಜೊತೆಯವಳ ಮೊಬೈಲಿನಿಂದ. ಜ್ವರ ಇಳಿದಿದೆ, ಆದರೆ ಎದೆಯಲ್ಲಿ ಏನೋ ಒಂದು ಥರ, ಓಡುವುದಿಲ್ಲ ಎಂದಳು. ಕೋಚ್ ಹೆಸರು ತೆಗೆದಿದ್ದಾರಂತೆ. ವಾದಿಸು ಎಂದೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಲಾಗಲಿಲ್ಲ ಇತ್ಯಾದಿ. ಪುನರುಕ್ತಿ. ಎರಡು ನಿಮಿಷಕ್ಕೇ ಲೋಟ ಬಡಿದೆ. ನನ್ನ ಸರದಿ: ಭಯವನ್ನು ರೋಗವೆಂದು ಕರೆಯಬಾರದು. ದೇಶದ ಅಂಗಿ ಒಮ್ಮೆ ಬಿಚ್ಚಿದರೆ ಮತ್ತೆ ಸಿಗದು. ಹಿಂದೆ ಸರಿದವಳನ್ನು ಯಾರೂ ನೆನೆಯುವುದಿಲ್ಲ. ಕೊನೆಗೆ, ಸರಿ ಅಪ್ಪ, ನೀನು ಗೆದ್ದೆ ಎಂದಳು. ಕೋಚ್‌ಗೆ ಫೋನಿನಲ್ಲೇ ಪತ್ರ ಕಳಿಸಿದೆ. ಪ್ರತಿ ಕೆಳಗಿದೆ.”

ಕೆಳಗೆ ಪತ್ರದ ಪ್ರತಿ. ಹದಿನಾಲ್ಕು ಸಾಲು. ಕೊನೆಯ ಸಾಲು — ‘ಸಂಪೂರ್ಣ ಜವಾಬ್ದಾರಿ ತಂದೆಯಾದ ನನ್ನದು. ಸಿದ್ದಗಂಗಯ್ಯ, ಮಧುಗಿರಿ.’

ಒಂದು ತಪ್ಪಕ್ಷರವಿಲ್ಲ.

ಪುನರುಕ್ತಿ ಎಂದು ಬರೆದಿದ್ದೇನೆ. ಮಗಳ ಏದುಸಿರಿಗೆ.

ಜೂನ್ 26, ಗುರುವಾರ. ಸಂಜೆ

ನಾಳೆ ಹತ್ತಕ್ಕೆ ವಿಚಾರಣೆ. ದೊಡ್ಡರಂಗಪ್ಪ ಎರಡು ಟೆಂಪೊ ಜನ ಕರೆತರುತ್ತಾರಂತೆ. ಕೊರಟಗೆರೆಯಲ್ಲಿ ತಿಂಡಿ, ಅಲ್ಲಿಂದ ಇನ್ನಷ್ಟು ಮಂದಿ, ಘೋಷಣೆ ಕೂಗಲು ಹುಡುಗರು. ನ್ಯಾಯಕ್ಕಾಗಿ ತಂದೆಯ ಹೋರಾಟ ಎಂದು ಹೊಸ ಫ್ಲೆಕ್ಸ್ ಬೇರೆ. ಟೆಂಪೊದಲ್ಲಿ ನನಗೆ ಮುಂದಿನ ಸೀಟು. ಬೇಡವೆಂದೆ. ಬಸ್ಸಿಗೆ ಹೋಗುತ್ತೇನೆ.

ದೂರನ್ನು ಒಲೆಗೆ ಹಾಕಿದೆ. ಸರಸಮ್ಮ ನೋಡಿದಳು. ಅವಳಿಗೆ ಹೇಳಿಲ್ಲ. ಮುಜೀಬ್‌ಗೂ ಹೇಳಿಲ್ಲ, ತಡೆಯುತ್ತಾನೆ. ತೇಜುವಿಗೆ ಮಾತು ಕೊಟ್ಟಿದ್ದೇನೆ ಸಾರ್ ಎನ್ನುತ್ತಾನೆ. ಕೊಟ್ಟವನು ಅವನು, ನಾನಲ್ಲ.

ನಾಳೆಯ ಮಾತು ಸಿದ್ಧವಿದೆ.

ನೆರೆದಿರುವ ಎಲ್ಲರಿಗೂ ಕೃತಜ್ಞತೆಗಳು. ನಾನು ದೂರುದಾರನಾಗಿ ಬಂದಿಲ್ಲ. ಈ ದಿನಚರಿಯ ಮೇ 30ರ ಪುಟವನ್ನು ನಿಂತು ಪೂರ್ತಿ ಓದುತ್ತೇನೆ, ಪತ್ರವನ್ನೂ, ಕೆಳಗಿನ ಸಹಿಯನ್ನೂ. ಓದಿ ಅಧಿಕಾರಿಯ ಮೇಜಿನ ಮೇಲಿಡುತ್ತೇನೆ. ಮುಜೀಬ್ ನನ್ನ ಮಗಳನ್ನು ಓಡಿಸಲಿಲ್ಲ, ನಾನು ಓಡಿಸಿದೆ. ಸಮಜಾಯಿಷಿ ಇಲ್ಲ. ಶಿಕ್ಷೆ ಏನಾದರೂ ಆಗಲಿ. ಅವಳ ಮಾತಿನಲ್ಲಿ ಇನ್ನೂ ಒಂದು ನಿಮಿಷ ಬಾಕಿಯಿತ್ತು. ಆ ಒಂದು ನಿಮಿಷ ಅಲ್ಲಿ ಸುಮ್ಮನೆ ನಿಲ್ಲುತ್ತೇನೆ. ಯಾರು ಏನು ಕೇಳಿದರೂ, ಎಷ್ಟು ಕೂಗಿದರೂ, ಆ ನಿಮಿಷ ಮುಗಿಯುವವರೆಗೆ ನಾನು ಮಾತಾಡುವುದಿಲ್ಲ.