ಆರು ಡಿಗ್ರಿ ಇಳಿಜಾರು

ಮಾಸ್ಕೋ, ಮಾರ್ಚ್ ೬, ಮಧ್ಯಾಹ್ನ ೩

ಗ್ಲೆಬ್ ಸತ್ತ ನಲವತ್ತನೆಯ ದಿನದ ಊಟ ಮುಗಿಯಿತು. ಮೇಜಿನ ಮುಂದೆ ನಿಂತು ನಾನು ಆಡಿದ ಮಾತು, ಇದ್ದ ಹಾಗೆಯೇ: "ಬಂದವರಿಗೆಲ್ಲ ಕೃತಜ್ಞ. ನಿಮ್ಮ ಅನುಕಂಪ ಮಾತ್ರ ನನಗೆ ಬೇಡ. ಬೇಕಾದದ್ದು ಉತ್ತರ." ಯಾರೂ ಗ್ಲಾಸು ಎತ್ತಲಿಲ್ಲ. ಮಗನ ಫೋಟೋದ ಮುಂದೆ ಸತ್ತವರ ಪಾಲಿನ ವೋಡ್ಕಾ ಗ್ಲಾಸು, ಅದರ ಮೇಲೆ ಕಪ್ಪು ಬ್ರೆಡ್ಡಿನ ಚೂರು. ಹೆಂಡತಿ ಜೋಯಾ ನನ್ನ ತೋಳು ಹಿಡಿದು ಕೂರಿಸಿದಳು. "ಆರ್ಸೆನಿ, ಇದು ನಿನ್ನ ಕಾಲೇಜಿನ ಚರ್ಚಾಕೂಟ ಅಲ್ಲ. ಬ್ಲಿನಿ ದೋಸೆ ಆರ್ತಾ ಇದೆ, ತಿನ್ನು."

ತಿನ್ನಲಿಲ್ಲ.

ಮಾರ್ಚ್ ೭

ದೂರಿನ ಕರಡು ಸಿದ್ಧ. ಹದಿನೇಳರಂದು ವಿಚಾರಣಾ ಸಮಿತಿ. ನನ್ನ ವಾದ ಗೆದ್ದರೆ ಗ್ಲೆಬ್‌ನ ಹೊಣೆ ಹೊತ್ತಿದ್ದ ಡಾಕ್ಟರ್ ತೈಸಿಯಾ ಲ್ವೋವ್ನಾ ಇನ್ನು ಯಾರ ನಾಡಿಯನ್ನೂ ಹಿಡಿಯುವಂತಿಲ್ಲ. ಹಾಗೆಯೇ ಆಗಬೇಕು.

ಬಾಹ್ಯಾಕಾಶದ ತೂಕವಿಲ್ಲದ ಸ್ಥಿತಿಯನ್ನು ನೆಲದ ಮೇಲೆ ಅನುಕರಿಸುವ ಪ್ರಯೋಗ. ಸ್ವಯಂಸೇವಕನಾಗಿ ಹೋದ ನನ್ನ ಮಗನನ್ನು ತಲೆ ಆರು ಡಿಗ್ರಿ ಕೆಳಗಿರುವ ಮಂಚದಲ್ಲಿ ಇಪ್ಪತ್ತೊಂದು ದಿನ ಮಲಗಿಸಿದರು. ರಕ್ತ ತಲೆಯತ್ತ ಸರಿಯಿತು, ಮುಖ ಊದಿತು. ನೀರು ಹೆಚ್ಚಾಯಿತೆಂದು ಮೋಸಹೋದ ದೇಹ ಅದನ್ನು ಹೊರಹಾಕಿತು. ಮೊದಲ ದಿನ ಕುಡಿದದ್ದು ೨೧೦೦ ಮಿ.ಲೀ., ಮೂತ್ರ ೨೮೫೦. ರಕ್ತ ತಗ್ಗಿತು, ಹೃದಯ ಸೋಮಾರಿಯಾಯಿತು. ಇಂಥವನು ಥಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ಎಚ್ಚರ ತಪ್ಪುತ್ತದೆ. ಅದಕ್ಕೇ ಏಳುವ ಮುನ್ನ ಉಪ್ಪುನೀರು, ಬಿಗಿಯುಡುಪು, ಪಕ್ಕದಲ್ಲಿ ಇಬ್ಬರು. ಕೊನೆಯ ಬೆಳಿಗ್ಗೆ ಎಂಟಕ್ಕೆ ಎಬ್ಬಿಸಬೇಕಿತ್ತು. ಎದ್ದದ್ದು ೭.೧೦ಕ್ಕೆ, ಒಬ್ಬನೇ. ಕಿಟಕಿಯ ಕೆಳಗಿನ ಕಬ್ಬಿಣದ ಹೀಟರಿಗೆ ತಲೆ ಬಡಿದು ಸತ್ತ.

ಆಗ ಡಾಕ್ಟರು ಎಲ್ಲಿದ್ದರು?

ಮಾರ್ಚ್ ೯

ಸಾವಿನ ವರದಿಯ ಪ್ರತಿ ಬಂತು. "೭.೧೦" — ಮುಂದೆ ಅರ್ಧ ಸಾಲು ಕಪ್ಪು ಶಾಯಿಯಲ್ಲಿ ಮುಚ್ಚಿದೆ — "ತಾನಾಗಿಯೇ ಎದ್ದ." ಸಿಕ್ಕಿಬಿದ್ದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಅದನ್ನ ಅಷ್ಟಕ್ಕೇ ಬಿಟ್ಬಿಡಿ, ಆರ್ಸೆನಿ ಪ್ಲಾತೊನೊವಿಚ್" ಎಂದರು. ತಪ್ಪಿತಸ್ಥರ ದನಿ. ನಾನು ಬಲ್ಲೆ.

ಮಾರ್ಚ್ ೧೬, ಸಂಜೆ

ಗ್ಲೆಬ್‌ನ ಪಕ್ಕದ ಮಂಚದಲ್ಲಿದ್ದ ತಿಮೂರ್ ಬಂದಿದ್ದ. ಸಾಕ್ಷಿ ಹೇಳಲು ನಾನೇ ಕರೆಸಿದ್ದು. ಚಹಾ ಮುಟ್ಟಲಿಲ್ಲ. ಮಲಗಿಯೇ ಸೂಪು ಕುಡಿಯುವಾಗ ಗ್ಲೆಬ್ ನನ್ನನ್ನು ಅಣಕಿಸಿ ನಗಿಸುತ್ತಿದ್ದನಂತೆ: "ಮಾನ್ಯ ಅಧ್ಯಕ್ಷರೇ, ಈ ಮೂತ್ರದ ಬಾಟಲಿಯ ಪರವಾಗಿ ಎರಡು ಮಾತು..."

ಕಪ್ಪು ಸಾಲು ತೋರಿಸಿದೆ.

"ಡಾಕ್ಟ್ರಮ್ಮನೇ ಮುಚ್ಚಿದ್ದು. ನಿಮ್ಮ ಸಲುವಾಗಿ. ಅಲ್ಲಿದ್ದದ್ದು, ನಾನೇ ಹೇಳಿ ಬರೆಸಿದ್ದು, 'ತಂದೆಯ ಫೋನ್ ಬಂದ ಮೇಲೆ' ಅಂತ."

ಹೌದು, ಮಾಡಿದ್ದೆ. ಇಲ್ಲಿ ಬರೆದಿರಲಿಲ್ಲ. ಆ ಬೆಳಿಗ್ಗೆ ಅವನನ್ನು ಕರೆದೊಯ್ಯಲು ಬೇಗ ಬಂದು ಅಂಗಳದ ಹಿಮದಲ್ಲಿ ನಿಂತಿದ್ದೆ. ಎಂಟರವರೆಗೆ ಏಳುವಂತಿಲ್ಲ ಎಂದ ಗ್ಲೆಬ್. "ಅಪ್ಪನ ಹತ್ರ ಬಿದ್ಕೊಂಡು ಮಾತಾಡ್ತೀಯಾ? ಗಂಡಸಿನ ಹಾಗೆ ಎದ್ದು ಕಿಟಕಿಗೆ ಬಾ" ಎಂದೆ. ಮೂರನೆಯ ಮಹಡಿ, ದೀಪ ಉರಿಯುತ್ತಿತ್ತು. ಯಾರೂ ಬರಲಿಲ್ಲ. ಹಟಮಾರಿ ಎಂದುಕೊಂಡು ಬೂಟಿನ ಹಿಮ ಕೊಡವಿದೆ.

ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಬರೆದಿರಲಿಲ್ಲ.

ಮಾರ್ಚ್ ೧೭, ಬೆಳಿಗ್ಗೆ ೭

ಜೋಯಾ ಇನ್ನೂ ಎದ್ದಿಲ್ಲ. ಆ ಫೋನಿನ ವಿಷಯ ಅವಳಿಗೆ ಗೊತ್ತಿಲ್ಲ. ನನ್ನ ನಿರ್ಧಾರಕ್ಕೆ ಅವಳನ್ನು ಕೇಳಲಿಲ್ಲ, ಕೇಳಿದ್ದರೆ ತಡೆಯುತ್ತಿದ್ದಳು. ಚರ್ಚೆಯಲ್ಲಿ ಎಂದೂ ಪಕ್ಷ ಬದಲಿಸಿದವನಲ್ಲ. ಇಂದು ಹನ್ನೊಂದಕ್ಕೆ ಸಮಿತಿಯ ಮುಂದೆ ದೂರನ್ನು ಹಿಂದಕ್ಕೆ ಪಡೆಯುತ್ತೇನೆ. ಆ ಕಪ್ಪು ಸಾಲನ್ನು ನಾನೇ ಗಟ್ಟಿಯಾಗಿ ಹೇಳುತ್ತೇನೆ. ನಿಂತುಕೊಂಡು. ಆದರೆ ಅದಕ್ಕೂ ಮೊದಲು, ಈಗಲೇ, ಜೋಯಾಗೆ —