ಏರದ ಮುಳ್ಳು

ಲೇ ಭರತೇಶ,

ಕಾರಿನ ಎಂಜಿನ್ ಕಾಯವಲ್ದು, ಬಿಸಿ ತೋರಸೂ ಮುಳ್ಳು ಏರವಲ್ದು ಅಂತ ಮೀಟರ್ ಬದಲಿಸಿದಿ, ಸೆನ್ಸರ್ ಬದಲಿಸಿದಿ. ಕಡೀಕ ಅಕ್ಕನ ಡ್ರೈವಿಂಗೇ ಖರಾಬ್ ಅಂದಿ. ಭಾರಿ ಮಿಸ್ತ್ರಿ!

ನಿನ್ನೆ ನಾನೇ ಚಾಲೂ ಮಾಡಿ ನೋಡಿದೆ. ಎಂಜಿನ್ ಕಾಯೂ ಮೊದಲೇ ರೇಡಿಯೇಟರ್ ಪೈಪು ಬೆಚ್ಚಗಾತು. ಆರಿದ ಮ್ಯಾಲೆ ಬಿಚ್ಚಿದ್ರ, ಕಾಯೂತನಕ ನೀರು ತಡಿಯೂ ಥರ್ಮೋಸ್ಟಾಟ್ ವಾಲ್ವೇ ಇಲ್ಲ! ಬ್ಯಾಸಿಗ್ಯಾಗ ನೀರು ಹಾಕದೇ ಗಾಡಿ ಸಮೀರವಾಡಿತನಕ ಕುದಿಸಿ, "ನಮ್ಮ ಬಿಸಲಿಗೆ ಇದ್ಯಾಕ" ಅಂತ ಆ ವಾಲ್ವ್ ನೀನೇ ತಗಸಿದ್ದಿ.

ಗಾಡಿ ಬಿಚ್ಚೇ ಐತಿ. ಮಣಕಾಲು ಬ್ಯಾನಿ ಇಟಗೊಂಡು ಅವ್ವ ನನ್ನ ಜೋಡಿ ಬಸ್ಸಿಗೆ ಬನಹಟ್ಟಿಗೆ ಹೊಂಟಾಳ. ಸಂಜಿ ಒಳಗ ವಾಲ್ವ್ ಕೂಡಿಸು. ನೀರು ತುಂಬು, ಈ ಸಲಾರ.

ವಾಲ್ವ್ ಹುಡುಕಬ್ಯಾಡ. ಕಾಗದ ಹಾರದಂಗ ನಿನ್ನ ಟೇಬಲ್ಲಿನ ಮ್ಯಾಲೆ ಇಟಗೊಂಡಿದ್ದಿ. ಈ ಚೀಟಿ ಓದಾಕ ಅದರ ಮ್ಯಾಲಿಂದ ಈಗ ಎತ್ತಿದಿಯಲ್ಲ, ಅದೇ.

ಡ್ರೈವಿಂಗ್ ಬರದ ಅಕ್ಕ