ಮೂರು ಗಂಟೆಯೊಳಗೆ ಸೈನ್ ಹಾಕು

ಅಣ್ಣಾ,

ಡ್ಯೂಟಿಗೆ ಹೊರಟಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಸಿಂಕಿನಲ್ಲಿರುವ ಲೋಟಗಳನ್ನು ನೀನೇ ತೊಳೆ, ನಾನು ಮುಟ್ಟುವುದಿಲ್ಲ. ಒಂದರಲ್ಲಿ ಸಿಗರೇಟು ಅದ್ದಿ ಆರಿಸಿದ್ದಾರೆ. ಥೂ.

ನಿನ್ನನ್ನು ವಾರ್ಡ್ ಚುನಾವಣೆಗೆ ನಿಲ್ಲಲು ಒಪ್ಪಿಸುವುದಕ್ಕೆ ನಿನ್ನೆ ಆ ರಸ್ತೆ ಕಂಟ್ರಾಕ್ಟರ್ ಮತ್ತು ಅವನ ಕಡೆಯವರು ಮೂರನೇ ಸಲ ಬಂದರು. ನೀನು ಮೂರನೇ ಸಲ ಬಚ್ಚಲು ಸೇರಿ ಚಿಲಕ ಹಾಕಿಕೊಂಡೆ. ನಾನು ‘ಅಣ್ಣ ಮನೇಲಿಲ್ಲ’ ಅಂದೆ. ನಿನ್ನ ಚಪ್ಪಲಿ ಅವರ ಕಾಲ ಬುಡದಲ್ಲೇ ಬಿದ್ದಿತ್ತು. ನನಗೇ ಹೇಸಿಗೆಯಾಯಿತು.

ಆ ಕಂಟ್ರಾಕ್ಟರ್ ಹೋಗುವಾಗ ಅಂದದ್ದನ್ನು ಕೇಳು: “ವಾರ್ಡಿಗೆ ನಿಮ್ಮಣ್ಣನೇ ಬೇಕಮ್ಮಾ. ಒಳ್ಳೆ ಹೆಸರಿದೆ, ಯಾರಿಗೂ ಎದುರು ಮಾತಾಡಲ್ಲ. ನಾವು ತೋರಿಸಿದ ಕಡೆ ಸೈನ್ ಹಾಕಿದ್ರೆ ಸಾಕು.”

ಒಳ್ಳೆ ಹೆಸರು! ನಮ್ಮ ಬೀದಿಯ ಚರಂಡಿ ಅಗೆದು ಆರು ತಿಂಗಳಿಂದ ಹಾಗೇ ಬಿಟ್ಟವನು ಇವನೇ. ಆ ಕೊಳಚೆಯ ಮೇಲೆ ಇಟ್ಟಿಗೆ ಜೋಡಿಸಿ ದಾರಿ ಮಾಡಿದವನು ನೀನು. ಅವನನ್ನು ಒಂದು ಮಾತೂ ಕೇಳಲಿಲ್ಲ. ಹೋದ ವಾರ ಎದುರುಮನೆ ಅಜ್ಜಿ ಅದೇ ಇಟ್ಟಿಗೆಯಿಂದ ಜಾರಿದರು. ನಮ್ಮ ಆಸ್ಪತ್ರೆಯಲ್ಲಿ ಅವರ ಕಾಲಿಗೆ ಪ್ಲಾಸ್ಟರ್ ಹಾಕುವಾಗ ಹಿಡಿದುಕೊಂಡಿದ್ದವಳು ನಾನು.

ನಿಲ್ಲು ಅಣ್ಣಾ. ಅವರು ತೋರಿಸಿದ ಕಡೆ ಸೈನ್ ಹಾಕದೇ ಇರುವುದಕ್ಕಾದರೂ ನಿಲ್ಲು. ನಿನಗೆ ಭಾಷಣ ಬರುವುದಿಲ್ಲ, ಗೊತ್ತು. ‘ಆಗಲ್ಲ’ ಅನ್ನುವುದಕ್ಕೆ ಭಾಷಣ ಬೇಕಾಗಿಲ್ಲ. ಮೂರು ವಾರದಿಂದ ನನಗೆ ಅದನ್ನೇ ಹೇಳುತ್ತಿದ್ದೀಯಲ್ಲ.

ನಾಮಪತ್ರ ನಾನೇ ತಂದು ತುಂಬಿದ್ದೇನೆ. ಇವತ್ತೇ ಕಡೇ ದಿನ, ಸೈನ್ ಹಾಕಿ ಮೂರು ಗಂಟೆಯೊಳಗೆ ನೀನೇ ಹೋಗಿ ಕೊಡಬೇಕು. ಅವರು ಹನ್ನೊಂದಕ್ಕೆ ಮತ್ತೆ ಬರುತ್ತಾರಂತೆ. ಅದಕ್ಕೇ ಅದನ್ನು ಪೆನ್ನಿನ ಸಮೇತ ಬಚ್ಚಲ ಬಾಗಿಲಿನ ಒಳಗಡೆ ನೇತುಹಾಕಿದ್ದೇನೆ. ಚಿಲಕ ಹಾಕಿದ ಕೂಡಲೇ ಕಾಣುತ್ತದೆ.